ಹಳೆಯ ಪಟ್ಟಿಗರಗಸಕ್ಕೆ ಫೆನ್ಸ್ ಜೋಡಿಸುವ ಬಗೆ

ಮರಗೆಲಸವನ್ನು ಜೀವನೋಪಾಯವಾಗಿ ಅವಲಂಬಿಸಿರುವ ಕುಟುಂಬಗಳು ನಮ್ಮ ದೇಶದ ಪ್ರತಿಯೊಂದು ನಗರದಲ್ಲೂ ಇವೆ. ಬಾಗಿಲು, ಕಿಟಕಿ, ಮಂಚ, ಕಪಾಟುಗಳನ್ನು ತಯಾರಿಸುವ ಎಷ್ಟೋ ಕಾರ್ಯಾಗಾರಗಳು ಇಬ್ಬರು ಮೂವರು ಕೆಲಸಗಾರರಿಂದ, ಕೆಲವೊಮ್ಮೆ ಒಬ್ಬನೇ ಬಡಗಿಯಿಂದ ನಡೆಯುತ್ತಿವೆ. ಇಂತಹ ಕಾರ್ಯಾಗಾರವು ಕೈಗರಗಸವನ್ನು ಬಿಟ್ಟು ಯಂತ್ರದ ಕಡೆಗೆ ಹೆಜ್ಜೆಯಿಡುವಾಗ ಮೊದಮೊದಲು ಕೊಳ್ಳುವ ಯಂತ್ರಗಳಲ್ಲಿ ಪಟ್ಟಿಗರಗಸವೂ ಒಂದು. ಪೇಟೆಯಲ್ಲಿ ಇದನ್ನು ಬ್ಯಾಂಡ್ ಸಾ ಎಂದು ಕರೆಯುತ್ತಾರೆ. ಹೊಸ ಯಂತ್ರಕ್ಕೆ ಕೈಯಲ್ಲಿರುವ ಹಣ ಸಾಲದು. ಆದುದರಿಂದ ದೆಹಲಿಯ ಕೀರ್ತಿನಗರದಂತಹ ಮರದ ಪೇಟೆಯ ಆಸುಪಾಸಿನಲ್ಲಿ ವಿಚಾರಿಸಿ, ಇಲ್ಲವೇ ಬಾಗಿಲು ಮುಚ್ಚಿದ ಯಾವುದೋ ಕಾರ್ಯಾಗಾರದಿಂದ, ಒಮ್ಮೆ ಬಳಸಿದ ಯಂತ್ರವನ್ನು ಕಡಿಮೆ ಬೆಲೆಗೆ ತರಲಾಗುತ್ತದೆ.

ಹೀಗೆ ಬಂದ ಯಂತ್ರದಲ್ಲಿ ಎರಕದ ಕಬ್ಬಿಣದ ಕಂಬ, ಎರಡು ಚಕ್ರಗಳು, ಮೇಜು, ಮೋಟಾರು ಇರುತ್ತವೆ. ಇಲ್ಲದಿರುವುದು ಫೆನ್ಸ್. ಅಂದರೆ, ಹಲಗೆಯು ಅತ್ತಿತ್ತ ಸರಿಯದೆ ಒಂದೇ ಅಗಲಕ್ಕೆ ಸೀಳುವಂತೆ ಮೇಜಿನ ಮೇಲೆ ನಿಲ್ಲಿಸುವ ನೇರವಾದ ಒತ್ತುಪಟ್ಟಿ. ಹಿಂದಿನ ಮಾಲೀಕನು ಬಾಗು ಕೆಲಸಕ್ಕೆ ಮಾತ್ರ ಯಂತ್ರವನ್ನು ಬಳಸಿದ್ದರೆ ಅದು ಅವನಿಗೆ ಬೇಕಾಗಿಯೇ ಇರಲಿಲ್ಲ. ಇದ್ದರೂ ಎಲ್ಲೋ ಕಳೆದುಹೋಗಿರುತ್ತದೆ. ಇದನ್ನು ಕಾರ್ಯಾಗಾರದಲ್ಲಿಯೇ, ಹೆಚ್ಚು ಖರ್ಚಿಲ್ಲದೆ ಮಾಡಿಕೊಳ್ಳಬಹುದು. ಆದರೆ ಅದನ್ನು ಎಲ್ಲಿ, ಯಾವ ದಿಕ್ಕಿಗೆ ನಿಲ್ಲಿಸಬೇಕು ಎಂಬುದರಲ್ಲಿ ಆಗುವ ತಪ್ಪು ಸಾಮಾನ್ಯವಾದುದು. ತಪ್ಪಾಗಿ ನಿಲ್ಲಿಸಿದ ಫೆನ್ಸಿಗಿಂತ ಫೆನ್ಸ್ ಇಲ್ಲದಿರುವುದೇ ಮೇಲು.

ಒಂದು ಪದ, ಎರಡು ಅರ್ಥ

ಫೆನ್ಸ್ ಎಂಬ ಇಂಗ್ಲಿಷ್ ಪದಕ್ಕೆ ನಿಘಂಟಿನಲ್ಲಿ ಸಿಗುವ ಅರ್ಥ ಬೇಲಿ. ಕಾರ್ಮಿಕ ಕಾನೂನುಗಳನ್ನು ಭಾಷಾಂತರಿಸುವವರಿಗೆ ಈ ಪದವು ಒಂದು ತೊಡಕು. 1948ರ ಕಾರ್ಖಾನೆಗಳ ಅಧಿನಿಯಮದ 21ನೆಯ ಪ್ರಕರಣವು ಯಂತ್ರಗಳಿಗೆ ಫೆನ್ಸ್ ಹಾಕುವುದನ್ನು ಕುರಿತದ್ದಾಗಿತ್ತು. ಅಲ್ಲಿ ಆ ಪದದ ಅರ್ಥ, ಅಪಾಯಕಾರಿಯಾದ ಚಲಿಸುವ ಭಾಗಗಳಿಗೆ ಭದ್ರವಾದ ರಕ್ಷಣಾ ಆವರಣವನ್ನು ಒದಗಿಸುವುದು. ಬಡಗಿಯು ಫೆನ್ಸ್ ಎನ್ನುವುದು ಇದನ್ನಲ್ಲ, ಮರಕ್ಕೆ ದಾರಿ ತೋರಿಸುವ ಪಟ್ಟಿಯನ್ನು. ಒಂದು ಕೈಯನ್ನು ಕಾಯುವುದು, ಇನ್ನೊಂದು ಅಳತೆಯನ್ನು ಕಾಯುವುದು. ಈ ಲೇಖನದಲ್ಲಿ ಮೊದಲನೆಯದನ್ನು ರಕ್ಷಾಕವಚ ಎಂದೂ ಎರಡನೆಯದನ್ನು ಕಾರ್ಯಾಗಾರದ ರೂಢಿಯಂತೆ ಫೆನ್ಸ್ ಎಂದೂ ಕರೆಯಲಾಗಿದೆ.

ಬಳಸಿದ ಯಂತ್ರದಲ್ಲಿ ಅನೇಕ ವೇಳೆ ಇವೆರಡೂ ಇರುವುದಿಲ್ಲ ಎಂಬುದು ಕಳವಳದ ಸಂಗತಿ. ಚಕ್ರಗಳ ಮೇಲಿನ ಬಾಗಿಲುಗಳನ್ನು ಯಾರೋ ಕಳಚಿ ಇಟ್ಟಿರುತ್ತಾರೆ. ಪಟ್ಟಿಯನ್ನು ಬದಲಾಯಿಸಲು ಅನುಕೂಲವೆಂದು ಅವು ಮರಳಿ ಏರಿರುವುದಿಲ್ಲ. 2025ರ ನವೆಂಬರ್ 21ರಿಂದ 1948ರ ಅಧಿನಿಯಮದ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಜಾರಿಗೆ ಬಂದಿದೆ. ವಿದ್ಯುತ್ ಬಳಸುವ ಕಡೆಯಲ್ಲಿ ಇಪ್ಪತ್ತು ಅಥವಾ ಅದಕ್ಕೂ ಹೆಚ್ಚು ಕೆಲಸಗಾರರಿದ್ದರೆ ಅದು ಈ ಸಂಹಿತೆಯ ಪ್ರಕಾರ ಕಾರ್ಖಾನೆ. ಇಬ್ಬರು ಮೂವರ ಮರಗೆಲಸದ ಅಂಗಡಿಯು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ರಕ್ಷಾಕವಚ ಇದೆಯೇ ಎಂದು ಪರಿಶೀಲಿಸಲು ಅಲ್ಲಿಗೆ ನಿರೀಕ್ಷಕರು ಬರುವ ಸಂಭವ ಕಡಿಮೆ. ಬೆರಳು ಹೋದರೆ ಮಾತ್ರ ದೊಡ್ಡ ಕಾರ್ಖಾನೆಯ ಬೆರಳಿಗೂ ಈ ಬೆರಳಿಗೂ ವ್ಯತ್ಯಾಸವಿಲ್ಲ. ಆದುದರಿಂದ ಫೆನ್ಸ್ ಮಾಡುವ ಮೊದಲು ತಗಡಿನಿಂದಾದರೂ ಸರಿಯೇ, ಎರಡೂ ಚಕ್ರಗಳಿಗೆ ಮತ್ತು ಪಟ್ಟಿಯು ಮೇಲಿನಿಂದ ಇಳಿಯುವ ಭಾಗಕ್ಕೆ ಗಟ್ಟಿಯಾದ ಕವಚಗಳನ್ನು ಹೊಂದಿಸಿಕೊಳ್ಳಬೇಕು.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಮರ ಕೊಯ್ಯುವ ಯಂತ್ರಗಳಿಗೆ ಅರಣ್ಯ ಇಲಾಖೆಯ ಪರವಾನಗಿ ಬೇಕೇ ಬೇಡವೇ ಎಂಬುದು ಆಯಾ ರಾಜ್ಯದ ನಿಯಮಗಳನ್ನೂ ಯಂತ್ರದ ಅಳತೆಯನ್ನೂ ಅವಲಂಬಿಸಿರುತ್ತದೆ. ಮುಂಗಡ ಕೊಡುವುದಕ್ಕೆ ಮೊದಲೇ ಹತ್ತಿರದ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಯಂತ್ರವನ್ನು ತಂದು ನಿಲ್ಲಿಸಿದ ಮೇಲೆ ವಿಚಾರಿಸುವುದರಿಂದ ಪ್ರಯೋಜನವಿಲ್ಲ.

ಯಂತ್ರದ ಸ್ವಭಾವ

ಹಲ್ಲುಗಳುಳ್ಳ ಉಕ್ಕಿನ ಪಟ್ಟಿಯ ಎರಡು ತುದಿಗಳನ್ನು ಸೇರಿಸಿ ಬಳೆಯಂತೆ ಮಾಡಿ, ಒಂದರ ಮೇಲೊಂದಿರುವ ಎರಡು ಚಕ್ರಗಳ ಮೇಲೆ ಓಡಿಸುವುದೇ ಪಟ್ಟಿಗರಗಸದ ತತ್ತ್ವ. ಈ ಕಲ್ಪನೆಗೆ ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಎಂಬವರು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಹಕ್ಕುಪತ್ರ ಪಡೆದಿದ್ದರು. ಆದರೆ ಚಕ್ರದ ಮೇಲೆ ಸತತವಾಗಿ ಬಾಗುತ್ತಾ ನೆಟ್ಟಗಾಗುತ್ತಾ ಓಡುವ ಪಟ್ಟಿಯ ಬೆಸುಗೆ ಬಾಳುತ್ತಿರಲಿಲ್ಲ. 1846ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪಿನ್ ಎಂಬ ಮಹಿಳೆ ಬಾಳಿಕೆ ಬರುವ ಬೆಸುಗೆಯ ವಿಧಾನವನ್ನು ಕಂಡುಹಿಡಿದ ಮೇಲೆಯೇ, ಪ್ಯಾರಿಸಿನ ಪೆರಿನ್ ಸಂಸ್ಥೆಯ ಮೂಲಕ ಈ ಯಂತ್ರವು ಕಾರ್ಯಾಗಾರಗಳನ್ನು ಪ್ರವೇಶಿಸಿತು.

ಪಟ್ಟಿಯ ಹಲ್ಲುಗಳು ಕೆಳಮುಖವಾಗಿರುವುದರಿಂದ ಕೊಯ್ಯುವ ಬಲವು ಮರವನ್ನು ಮೇಜಿನ ಮೇಲೆ ಒತ್ತಿ ಹಿಡಿಯುತ್ತದೆ. ವೃತ್ತಾಕಾರದ ಗರಗಸದಲ್ಲಿ ಆಗುವಂತೆ ಹಲಗೆಯು ಹಿಮ್ಮೆಟ್ಟಿ ಕೆಲಸಗಾರನ ಹೊಟ್ಟೆಗೆ ಬಂದು ಬಡಿಯುವ ಭಯ ಇಲ್ಲಿ ಇಲ್ಲ. ಈ ಒಂದು ಗುಣದಿಂದಾಗಿ ಪಟ್ಟಿಗರಗಸವು ಸಾಧುವಾದ ಯಂತ್ರವೆಂಬ ಭಾವನೆ ಬೆಳೆದಿದೆ. ಚಕ್ರಗಳ ವ್ಯಾಸವೇ ಈ ಯಂತ್ರದ ಅಳತೆ. 18 ಅಂಗುಲದ, ಎಂದರೆ ಸುಮಾರು 450 ಮಿಲಿಮೀಟರಿನ ಚಕ್ರವು ನಿಮಿಷಕ್ಕೆ 700 ಸುತ್ತು ತಿರುಗಿದರೆ ಪಟ್ಟಿಯು ಸೆಕೆಂಡಿಗೆ ಸುಮಾರು 16 ಮೀಟರು ಓಡುತ್ತದೆ. ಆ ವೇಗದಲ್ಲಿ ಹಲ್ಲುಗಳು ಕಣ್ಣಿಗೆ ಕಾಣವು. ಪಟ್ಟಿಯು ನಿಂತಿರುವಂತೆಯೇ ತೋರುತ್ತದೆ. ವಿದ್ಯುತ್ತನ್ನು ನಿಲ್ಲಿಸಿದ ಮೇಲೂ ಎರಕದ ಭಾರವಾದ ಚಕ್ರಗಳು ಸದ್ದಿಲ್ಲದೆ ಬಹಳ ಹೊತ್ತು ತಿರುಗುತ್ತಿರುತ್ತವೆ. ಮೋಟಾರಿನ ಸದ್ದು ಅಡಗಿತೆಂದು ಮರದ ಚೂರನ್ನು ತೆಗೆಯಲು ಕೈಯಿಡುವುದು ಅತ್ಯಂತ ಅಪಾಯಕರವಾದ ಅಭ್ಯಾಸ.

ಓರೆನಡೆ

ಈಗ ಮುಖ್ಯ ವಿಷಯಕ್ಕೆ ಬರಬಹುದು. ಮೇಜಿನ ಅಂಚಿಗೆ ಸಮಾನಾಂತರವಾಗಿ ನೇರವಾದ ಒಂದು ಪಟ್ಟಿಯನ್ನು ಬಿಗಿದರೆ ಫೆನ್ಸ್ ಸಿದ್ಧವಾಯಿತೆಂದು ಹೊಸಬರು ಭಾವಿಸುತ್ತಾರೆ. ಮೊದಲ ಹಲಗೆಯನ್ನು ತಳ್ಳಿದಾಗಲೇ ಭ್ರಮೆ ಹರಿಯುತ್ತದೆ. ಅರ್ಧ ದಾರಿಯಲ್ಲಿ ಹಲಗೆಯು ಫೆನ್ಸಿನಿಂದ ದೂರ ಸರಿಯಲು ತೊಡಗುತ್ತದೆ, ಅಥವಾ ಫೆನ್ಸಿಗೆ ಒತ್ತಿಕೊಂಡು ಸಿಕ್ಕಿಬೀಳುತ್ತದೆ. ಕೆಲಸಗಾರನು ಬಲವಾಗಿ ತಳ್ಳುತ್ತಾನೆ, ಪಟ್ಟಿ ಬಾಗುತ್ತದೆ, ಮರ ಸುಟ್ಟ ವಾಸನೆ ಬರುತ್ತದೆ. ಸೀಳಿದ ಮುಖವು ನಡುವೆ ಉಬ್ಬಿ ಹಾಳಾಗುತ್ತದೆ. ಅಷ್ಟು ಬಲವಾಗಿ ತಳ್ಳುತ್ತಿರುವಾಗ ಹಲಗೆ ಥಟ್ಟನೆ ಬಿಟ್ಟುಕೊಂಡರೆ ಕೈ ನೇರವಾಗಿ ಹೋಗುವುದು ಹಲ್ಲುಗಳ ಕಡೆಗೇ.

ಕಾರಣವಿಷ್ಟೆ: ಪ್ರತಿಯೊಂದು ಪಟ್ಟಿಗೂ ತನ್ನದೇ ಆದ ನಡೆಯಿದೆ. ಹಲ್ಲುಗಳನ್ನು ಒಂದು ಬಲಕ್ಕೆ ಒಂದು ಎಡಕ್ಕೆ ಎಂಬಂತೆ ಸ್ವಲ್ಪ ಬಾಗಿಸಿರುತ್ತಾರೆ. ಒಂದು ಕಡೆಯ ಬಾಗು ಹೆಚ್ಚಾದರೆ ಪಟ್ಟಿಯು ಅದೇ ಕಡೆಗೆ ಎಳೆಯುತ್ತದೆ; ಮೊಳೆಯೊಂದು ತಗುಲಿ ಒಂದು ಕಡೆಯ ಹಲ್ಲುಗಳು ಮೊಂಡಾಗಿದ್ದರೆ ಇನ್ನೊಂದು ಕಡೆಗೆ ಎಳೆಯುತ್ತದೆ. ಚಕ್ರದ ಅಂಚು ನಡುವೆ ಸ್ವಲ್ಪ ಉಬ್ಬಿರುವ ಯಂತ್ರಗಳಲ್ಲಿ, ಪಟ್ಟಿಯು ಆ ಉಬ್ಬಿನ ಮುಂದೆ ಕುಳಿತಿದೆಯೋ ಹಿಂದೆ ಕುಳಿತಿದೆಯೋ ಎಂಬುದರ ಮೇಲೂ ಅದರ ಮುಖ ತಿರುಗುತ್ತದೆ. ಬಿಗಿತ ಸಾಲದಿದ್ದರೆ ಅಡ್ಡಾದಿಡ್ಡಿ ಹೋಗುತ್ತದೆ. ಇವೆಲ್ಲದರ ಪರಿಣಾಮವಾಗಿ ಪಟ್ಟಿ ಕೊಯ್ಯುವ ದಿಕ್ಕಿಗೂ ಮೇಜಿನ ಅಂಚಿಗೂ ನಡುವೆ ಉಂಟಾಗುವ ಕೋನವನ್ನೇ ಓರೆನಡೆ ಎನ್ನಬಹುದು. 300 ಮಿ.ಮೀ. ಉದ್ದಕ್ಕೆ 5 ಮಿ.ಮೀ. ಓರೆಯೆಂದರೆ ಸುಮಾರು ಒಂದು ಡಿಗ್ರಿ. ಇದು ಅತ್ಯಲ್ಪವೆಂದು ತೋರಬಹುದು. ಆದರೆ ಒಂದು ಮೀಟರು ಉದ್ದದ ಸಾಗುವಾನಿ ಹಲಗೆಯಲ್ಲಿ ಅದು 17 ಮಿ.ಮೀ.ನಷ್ಟಾಗುತ್ತದೆ. ಸಾಗುವಾನಿಯ ಬೆಲೆ ತಿಳಿದವರಿಗೆ ಈ ಅಂಕಿಯನ್ನು ವಿವರಿಸಬೇಕಾಗಿಲ್ಲ.

ಆದುದರಿಂದ ಫೆನ್ಸ್ ಅನುಸರಿಸಬೇಕಾದದ್ದು ಮೇಜನ್ನಲ್ಲ, ಪಟ್ಟಿಯನ್ನು. ಮಾಡುವ ಕೆಲಸದ ಕ್ರಮವೂ ಇದರಿಂದಲೇ ತೀರ್ಮಾನವಾಗುತ್ತದೆ. ಮೊದಲು ಯಂತ್ರವನ್ನು ಸರಿಪಡಿಸಿ ಓರೆನಡೆಯನ್ನು ಆದಷ್ಟು ಕಡಿಮೆ ಮಾಡಬೇಕು. ಉಳಿದ ಓರೆಯನ್ನು ಅಳೆಯಬೇಕು. ಅನಂತರವೇ ಫೆನ್ಸನ್ನು ಆ ಓರೆಗೆ ಹೊಂದಿಸಬೇಕು.

ಯಂತ್ರವನ್ನು ಅಣಿಗೊಳಿಸುವುದು

ವಿದ್ಯುತ್ ಸಂಪರ್ಕವನ್ನು ಸಂಪೂರ್ಣವಾಗಿ ತೆಗೆದ ಮೇಲೆ ಚಕ್ರಗಳನ್ನು ಕೈಯಿಂದ ತಿರುಗಿಸಿ ನೋಡಬೇಕು. ಕರಕರ ಸದ್ದು ಬಂದರೆ, ಅಥವಾ ಚಕ್ರವನ್ನು ಹಿಡಿದು ಅಲುಗಿಸಿದಾಗ ಸಡಿಲವಿದ್ದರೆ ಬೇರಿಂಗು ಸವೆದಿದೆಯೆಂದು ತಿಳಿಯಬೇಕು. ಚಕ್ರಗಳ ಮೇಲಿನ ರಬ್ಬರು ಒಡೆದಿದ್ದರೆ ಹೊಸದನ್ನು ಹಾಕಿಸದೆ ಬೇರೆ ದಾರಿಯಿಲ್ಲ. ಅದಕ್ಕೆ ಮರದಪುಡಿ ಅಂಟಿ ಗಂಟುಕಟ್ಟಿದ್ದರೆ ಕೆರೆದು ತೆಗೆದರೆ ಸಾಕು. ಅನೇಕ ಹಳೆಯ ಯಂತ್ರಗಳ ಅದುರುವಿಕೆಗೆ ಇಷ್ಟೇ ಕಾರಣವಾಗಿರುತ್ತದೆ.

ನೇರ ಸೀಳಿಗೆ 12ರಿಂದ 20 ಮಿ.ಮೀ. ಅಗಲದ, ಅಂಗುಲಕ್ಕೆ ಮೂರು ನಾಲ್ಕು ಹಲ್ಲುಗಳಿರುವ ಪಟ್ಟಿ ಉತ್ತಮ. ಬಾಗು ಕೆಲಸದ 6 ಮಿ.ಮೀ. ಪಟ್ಟಿಯಿಂದ ಫೆನ್ಸ್ ಹಿಡಿದು ಸೀಳುವುದು ಸೂಜಿಯಿಂದ ಗುದ್ದಲಿಯ ಕೆಲಸ ಮಾಡಿದಂತೆ. ಯಂತ್ರದ ಜೊತೆಗೆ ಬಂದ ಹಳೆಯ ಪಟ್ಟಿಯನ್ನು ನಂಬಿ ಫೆನ್ಸ್ ಹೊಂದಿಸಬಾರದು. ಹೊಸ ಪಟ್ಟಿಯನ್ನು, ಇಲ್ಲವೇ ಚೆನ್ನಾಗಿ ಮಸೆದು ಹಲ್ಲು ಸರಿಪಡಿಸಿದ ಪಟ್ಟಿಯನ್ನು ಹಾಕಬೇಕು. ಬೆಸುಗೆಯ ಜಾಗದಲ್ಲಿ ಉಬ್ಬಿದ್ದರೆ ಅದು ಪ್ರತಿ ಸುತ್ತಿಗೂ ಗೈಡುಗಳಿಗೆ ತಗುಲಿ ಟಕ್ಕೆಂಬ ಸದ್ದು ಮಾಡುತ್ತದೆ. ಅಂತಹ ಪಟ್ಟಿಯನ್ನು ಇಳಿಸಿ ಆ ಭಾಗವನ್ನು ಅರದಿಂದ ಸಮಮಾಡಬೇಕು. ಬಿಗಿತವನ್ನು ತೋರಿಸುವ ಗುರುತು ಹಳೆಯ ಯಂತ್ರಗಳಲ್ಲಿ ಅಳಿಸಿರುತ್ತದೆ, ಅಥವಾ ಸ್ಪ್ರಿಂಗು ಸೋತಿರುವುದರಿಂದ ಸುಳ್ಳು ಹೇಳುತ್ತದೆ. ಮೇಲಿನ ಗೈಡನ್ನು ಮೇಜಿನಿಂದ ಆರು ಅಂಗುಲ ಎತ್ತರಿಸಿ, ನಡುವೆ ಪಟ್ಟಿಯ ಬದಿಯನ್ನು ಬೆರಳಿನಿಂದ ಒತ್ತಿದಾಗ ಕಾಲು ಅಂಗುಲಕ್ಕಿಂತ ಹೆಚ್ಚು ಬಾಗಬಾರದು ಎಂಬುದು ಅನುಭವಿಗಳ ಲೆಕ್ಕ. ಈ ಪರೀಕ್ಷೆಯೂ ಯಂತ್ರ ನಿಂತಿರುವಾಗಲೇ ಆಗತಕ್ಕದ್ದು.

ಬಿಗಿತವಾದ ಮೇಲೆ ಚಕ್ರವನ್ನು ಕೈಯಿಂದ ತಿರುಗಿಸುತ್ತಾ, ಮೇಲಿನ ಚಕ್ರದ ವಾಲುತಿರುಪನ್ನು ಹೊಂದಿಸಿ, ಪಟ್ಟಿಯು ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಓಡುವಂತೆ ಮಾಡಬೇಕು. ಆಮೇಲೆ ಗೈಡುಗಳು. ಪಟ್ಟಿಯ ಎರಡು ಬದಿಗಳಲ್ಲಿರುವ ಗೈಡುಗಳಿಗೂ ಪಟ್ಟಿಗೂ ಮಧ್ಯೆ ಒಂದು ಹಾಳೆ ಕಾಗದ ನುಸುಳುವಷ್ಟು ಅಂತರವಿರಬೇಕು. ಅವು ಹಲ್ಲಿನ ಬುಡದಿಂದ ಸ್ವಲ್ಪ ಹಿಂದೆ ನಿಲ್ಲಬೇಕು, ಹಲ್ಲಿಗೆ ತಗುಲಿದರೆ ಹಲ್ಲಿನ ಬಾಗು ಒಂದೇ ಗಳಿಗೆಯಲ್ಲಿ ಹಾಳು. ಪಟ್ಟಿಯ ಬೆನ್ನಿಗಿರುವ ಬೇರಿಂಗು ಬರಿದೆ ಓಡುವಾಗ ಪಟ್ಟಿಯನ್ನು ಮುಟ್ಟಬಾರದು, ಮರ ತಳ್ಳಿದಾಗ ಮಾತ್ರ ಮುಟ್ಟಬೇಕು. ಅರ್ಧ ಮಿಲಿಮೀಟರಿನ ಅಂತರ ಸಾಕು.

ಮೇಜು ಪಟ್ಟಿಗೆ ಲಂಬವಾಗಿದೆಯೇ ಎಂಬುದನ್ನು ಮೂಲೆಮಟ್ಟದಿಂದ ನೋಡುವುದು ವಾಡಿಕೆ. ಇದಕ್ಕಿಂತ ನಿಖರವಾದ ಒಂದು ಉಪಾಯವಿದೆ. ಚೆನ್ನಾಗಿ ಕೀಸಿದ ದಪ್ಪ ಮರದ ತುಂಡಿನಲ್ಲಿ ಸ್ವಲ್ಪ ದೂರ ಸೀಳಿ, ಯಂತ್ರವನ್ನು ನಿಲ್ಲಿಸಿ, ಪಟ್ಟಿ ಪೂರ್ತಿ ನಿಂತ ಮೇಲೆ ತುಂಡನ್ನು ತಲೆಕೆಳಗಾಗಿ ಮಗುಚಿ ಪಟ್ಟಿಯ ಹಿಂಬದಿಗೆ ತರಬೇಕು. ಆ ಸೀಳು ಪಟ್ಟಿಯ ಬೆನ್ನಿಗೆ ತಡೆಯಿಲ್ಲದೆ ಸೇರಿದರೆ ಮೇಜು ಸರಿಯಾಗಿದೆ. ಸೇರದಿದ್ದರೆ, ಇರುವ ಓರೆ ಇಮ್ಮಡಿಯಾಗಿ ಕಣ್ಣಿಗೆ ಕಾಣುತ್ತದೆ.

ಓರೆಯನ್ನು ಅಳೆಯುವುದು

ಸುಮಾರು 600 ಮಿ.ಮೀ. ಉದ್ದ, 80 ಮಿ.ಮೀ. ಅಗಲದ, ಒಂದು ಅಂಚು ನೇರವಾಗಿ ಕೀಸಿದ ಹಲಗೆಯನ್ನು ತೆಗೆದುಕೊಳ್ಳಬೇಕು. ಆ ಅಂಚಿಗೆ ಸಮಾನಾಂತರವಾಗಿ ಪೆನ್ಸಿಲ್ಲಿನಿಂದ ಗೆರೆ ಎಳೆಯಬೇಕು. ಫೆನ್ಸಿನ ಆಸರೆಯಿಲ್ಲದೆ, ಕೈಯಿಂದಲೇ ನಿಧಾನವಾಗಿ ಗೆರೆಯನ್ನು ಹಿಡಿದು ಸೀಳುತ್ತಾ ಹೋಗಬೇಕು. ಗೆರೆ ತಪ್ಪದಂತೆ ಹಲಗೆಯನ್ನು ಯಾವ ಕೋನದಲ್ಲಿ ಹಿಡಿಯಬೇಕೆಂಬುದನ್ನು ಕೈ ತಾನಾಗಿಯೇ ಕಂಡುಕೊಳ್ಳುತ್ತದೆ. ಅರ್ಧದಷ್ಟು ಸೀಳಿದ ಮೇಲೆ, ಒಂದು ಕೈಯಿಂದ ಹಲಗೆಯನ್ನು ಅಲುಗದಂತೆ ಹಿಡಿದು ಇನ್ನೊಂದು ಕೈಯಿಂದ ಯಂತ್ರವನ್ನು ನಿಲ್ಲಿಸಬೇಕು. ಸ್ವಿಚ್ಚು ದೂರವಿದ್ದರೆ ಸಹಾಯಕನನ್ನು ನಿಲ್ಲಿಸಿಕೊಳ್ಳುವುದು ಲೇಸು. ಪಟ್ಟಿ ನಿಂತ ಮೇಲೆ ಹಲಗೆಯ ನೇರ ಅಂಚಿನುದ್ದಕ್ಕೂ ಮೇಜಿನ ಮೇಲೆ ಗೆರೆ ಎಳೆಯಬೇಕು. ಇದೇ ಆ ಪಟ್ಟಿಯ ನಿಜವಾದ ದಾರಿ.

ಒಂದು ಸಲದ ಪರೀಕ್ಷೆಯನ್ನು ನಂಬದೆ ಮೂರು ಹಲಗೆಗಳಲ್ಲಿ ಮಾಡಿ ನೋಡಬೇಕು. ಮೂರು ಗೆರೆಗಳೂ ಒಂದೇ ದಿಕ್ಕಿನಲ್ಲಿದ್ದರೆ ಸರಿ. ಗೆರೆಗಳು ಒಂದಕ್ಕೊಂದು ಹೊಂದದಿದ್ದರೆ ದೋಷವಿರುವುದು ಬಿಗಿತದಲ್ಲಿ, ಇಲ್ಲವೇ ಗೈಡುಗಳಲ್ಲಿ. ಮೇಜಿನ ಅಂಚಿಗೆ ಹೋಲಿಸಿದಾಗ 300 ಮಿ.ಮೀ.ಗೆ 10 ಮಿ.ಮೀ.ಗಿಂತ ಹೆಚ್ಚು ಓರೆ ಕಂಡುಬಂದರೆ ಫೆನ್ಸನ್ನು ಅಷ್ಟು ತಿರುಗಿಸುವುದಕ್ಕಿಂತ ಪಟ್ಟಿಯನ್ನೇ ಬದಲಾಯಿಸುವುದು ವಿವೇಕ. ಕೆಲವರು ಮೇಜಿನ ಅಡಿಯ ಬೋಲ್ಟುಗಳನ್ನು ಸಡಿಲಿಸಿ ಇಡೀ ಮೇಜನ್ನೇ ಪಟ್ಟಿಯ ನಡೆಗೆ ಹೊಂದಿಸುತ್ತಾರೆ. ಮೇಜಿನ ಮೇಲೆ ಅಡ್ಡ ಕೊಯ್ತದ ಆಳತೆಗೋಲು ಜಾರುವ ಕಾಲುವೆಯಿದ್ದರೆ ಈ ಕ್ರಮವೇ ಉತ್ತಮ, ಏಕೆಂದರೆ ಆಗ ಕಾಲುವೆಯೂ ಫೆನ್ಸೂ ಎರಡೂ ಸರಿಹೋಗುತ್ತವೆ. ಹಳೆಯ ಯಂತ್ರಗಳಲ್ಲಿ ಆ ಬೋಲ್ಟುಗಳು ತುಕ್ಕು ಹಿಡಿದು ಕದಲದೆ ಇರುವುದೂ ಉಂಟು.

ಫೆನ್ಸಿನ ರಚನೆ

ಮೊದಲ ಒಂದು ತಿಂಗಳು ಮರದ ಫೆನ್ಸನ್ನೇ ಬಳಸಿ ನೋಡಬೇಕೆಂಬುದು ನಮ್ಮ ಸಲಹೆ. ಮೇಜಿಗಿಂತ ಸ್ವಲ್ಪ ಉದ್ದವಾದ, ಚೆನ್ನಾಗಿ ಒಣಗಿದ ಗಟ್ಟಿ ಮರದ ಅಥವಾ 18 ಮಿ.ಮೀ. ಪ್ಲೈವುಡ್ಡಿನ ಎರಡು ಪಟ್ಟಿಗಳನ್ನು ಮೂಲೆಮಟ್ಟಕ್ಕೆ ಸರಿಯಾಗಿ ಎಲ್ ಆಕಾರದಲ್ಲಿ ಜೋಡಿಸಿ, ಎರಡೂ ತುದಿಗಳಲ್ಲಿ ಜಿ ಕ್ಲಾಂಪಿನಿಂದ ಮೇಜಿಗೆ ಬಿಗಿದರಾಯಿತು. ನಿಂತ ಮುಖದ ಎತ್ತರ ಸಾಮಾನ್ಯ ಕೆಲಸಕ್ಕೆ 75ರಿಂದ 100 ಮಿ.ಮೀ. ಸಾಕು. ಪ್ರತಿಸಲ ಅಳತೆ ನೋಡಿ ಬಿಗಿಯುವುದು ಬೇಸರದ ಕೆಲಸ ನಿಜ. ಆದರೆ ಈ ಅವಧಿಯಲ್ಲಿ ಪಟ್ಟಿಯ ನಡೆ ಎಷ್ಟು ಬದಲಾಗುತ್ತದೆ, ತನ್ನ ಕೆಲಸಕ್ಕೆ ಎಷ್ಟು ಅಗಲದವರೆಗೆ ಫೆನ್ಸ್ ಸರಿಯಬೇಕು ಎಂಬುದು ಬಡಗಿಗೆ ತಿಳಿದುಬರುತ್ತದೆ. ಅದನ್ನು ತಿಳಿಯದೆ ಮೇಜಿಗೆ ತೂತು ಕೊರೆಯಬಾರದು.

ಶಾಶ್ವತ ಫೆನ್ಸಿಗೆ ಮುಖ್ಯವಾಗಿ ಬೇಕಾದುವು ಎರಡು ಭಾಗಗಳು: ಮೇಜಿನ ಮುಂಬದಿಯ ಅಂಚಿಗೆ ಬಿಗಿಯುವ ಹಳಿ ಮತ್ತು ಅದರ ಮೇಲೆ ಜಾರುವ ಫೆನ್ಸು. ಹಳಿಗೆ 40 ಮಿ.ಮೀ. ಬದಿಯ, 5 ಮಿ.ಮೀ. ದಪ್ಪದ ಕಬ್ಬಿಣದ ಆಂಗಲ್ ಸಾಕು. ಅಂಗಡಿಯಲ್ಲಿ ಆರಿಸುವಾಗಲೇ ಕಣ್ಣಿನ ಮಟ್ಟಕ್ಕೆ ಹಿಡಿದು ನೇರವಾಗಿರುವುದನ್ನು ತರಬೇಕು. ಮೇಜಿನ ಅಂಚಿನಲ್ಲಿ 6.8 ಮಿ.ಮೀ. ತೂತು ಕೊರೆದು, 8 ಮಿ.ಮೀ. ಬೋಲ್ಟಿಗೆ ಟ್ಯಾಪ್ ಹಾಕಬಹುದು. ಎರಕದ ಕಬ್ಬಿಣವು ಸುಲಭವಾಗಿ ಕೊರೆಯುತ್ತದೆ, ಪುಡಿಯಾಗಿ ಉದುರುತ್ತದೆ. ಆದರೆ ಬಡಿತವನ್ನು ಸಹಿಸದೆ ಸೀಳುತ್ತದೆ. ಸುತ್ತಿಗೆ ಮುಟ್ಟಿಸಬಾರದು. ಅಂಚು ತೆಳುವಾಗಿದ್ದರೆ ಆರಪಾರ ತೂತು ಮಾಡಿ ಹಿಂದಿನಿಂದ ನಟ್ಟು ಹಾಕುವುದು ಕ್ಷೇಮ.

ಇಲ್ಲಿಯೇ ಬಹಳ ಮಂದಿ ಎಡವುವುದು. ಪಟ್ಟಿಯನ್ನು ಏರಿಸಲು ಇಳಿಸಲು ಮೇಜಿನಲ್ಲಿ ನಡುವಿನಿಂದ ಒಂದು ಅಂಚಿನವರೆಗೆ ಸೀಳುಗಂಡಿ ಇರುತ್ತದೆ. ಅದು ಮುಂಬದಿಗೆ ತೆರೆದುಕೊಂಡಿರುವ ಯಂತ್ರದಲ್ಲಿ ಹಳಿಯನ್ನು ಅಂಚಿಗೆ ಒತ್ತಿ ಬಿಗಿದರೆ ಆ ದಾರಿ ಮುಚ್ಚಿಹೋಗುತ್ತದೆ. ಹಳಿ ಅಂದವಾಗಿ ಕುಳಿತಿದೆ, ಫೆನ್ಸ್ ಸೊಗಸಾಗಿ ಜಾರುತ್ತಿದೆ, ಪಟ್ಟಿ ಮೊಂಡಾದ ದಿನ ಮಾತ್ರ ಅದನ್ನು ಹೊರಗೆ ತೆಗೆಯಲು ಸಾಧ್ಯವಿಲ್ಲ! ಹಳಿಯನ್ನು ಎರಡು ಬೋಲ್ಟುಗಳಲ್ಲಿ ಕಳಚಿ ಮತ್ತೆ ಅದೇ ಜಾಗಕ್ಕೆ ಕೂರಿಸುವಂತೆ ಮಾಡಬೇಕು. ಇಲ್ಲವೇ ಹಳಿಗೂ ಮೇಜಿಗೂ ನಡುವೆ ದಪ್ಪ ವಾಷರುಗಳನ್ನಿಟ್ಟು, ಪಟ್ಟಿಯು ಗಂಡಿಯಿಂದ ಈಚೆ ಬಂದು ಹಳಿಯ ಹಿಂದಿನ ಸಂದಿನಲ್ಲಿ ಪಕ್ಕಕ್ಕೆ ಸರಿದು ಹೊರಬರುವಷ್ಟು ಜಾಗ ಬಿಡಬೇಕು. ಸೀಳುಗಂಡಿಯ ಬಾಯಿಯನ್ನು ಮಟ್ಟವಾಗಿ ಹಿಡಿದಿಡುವ ಗೂಟವನ್ನು ಯಾವ ಕಾರಣಕ್ಕೂ ಬಿಟ್ಟುಬಿಡಬಾರದು.

ಫೆನ್ಸಿನ ಮೈಗೆ ಅಲ್ಯೂಮಿನಿಯಂ ಕಿಟಕಿಗಳನ್ನು ಮಾಡುವವರಲ್ಲಿ ಸಿಗುವ 75 ಮಿ.ಮೀ. ಎತ್ತರದ ಆಯತಾಕಾರದ ಕೊಳವೆ ಅನುಕೂಲವಾದುದು. ಅದು ಹಗುರ, ನೇರ, ತುಕ್ಕು ಹಿಡಿಯುವುದಿಲ್ಲ. ಇದನ್ನು ಹಳಿಯ ಮೇಲೆ ಕೂರುವ ಇನ್ನೊಂದು ಆಂಗಲ್ ತುಂಡಿಗೆ ಇಂಗ್ಲಿಷಿನ ಟಿ ಆಕಾರದಲ್ಲಿ ಜೋಡಿಸಬೇಕು. ಈ ತಲೆಯ ತುಂಡು 200 ಮಿ.ಮೀ.ಗಿಂತ ಗಿಡ್ಡವಾದರೆ ಫೆನ್ಸು ಬಿಗಿಯುವಾಗ ಓರೆಗೊಳ್ಳುತ್ತದೆ. ತಲೆಗೂ ಮೈಗೂ ಸೇರುವ ಎರಡು ಬೋಲ್ಟುಗಳಲ್ಲಿ ಒಂದಕ್ಕೆ ದುಂಡು ತೂತು, ಇನ್ನೊಂದಕ್ಕೆ ಉದ್ದ ತೂತು ಮಾಡಬೇಕು. ಈ ಉದ್ದ ತೂತೇ ಇಡೀ ರಚನೆಯ ಜೀವಾಳ. ಮೇಜಿನ ಮೇಲೆ ಎಳೆದ ಗೆರೆಗೆ ಸಮಾನಾಂತರವಾಗುವಂತೆ ಫೆನ್ಸನ್ನು ತಿರುಗಿಸಿ ಬಿಗಿಯಲು ಸಾಧ್ಯವಾಗುವುದು ಇದರಿಂದಲೇ. ಇದಿಲ್ಲದೆ ಬೆಸುಗೆ ಹಾಕಿಸಿದ ಫೆನ್ಸು ನೋಡಲು ಗಟ್ಟಿಮುಟ್ಟು. ಆದರೆ ಪಟ್ಟಿ ಬದಲಾದ ಕೂಡಲೇ ಕೆಲಸಕ್ಕೆ ಬಾರದು. ತಲೆಯನ್ನು ಹಳಿಗೆ ಕಚ್ಚಿಸಲು ರೆಕ್ಕೆನಟ್ಟಿನ ಒಂದು ಬೋಲ್ಟು ಸಾಕಾಗುತ್ತದೆ. ಭಾರಿ ಮರ ಸೀಳುವಾಗ ಫೆನ್ಸಿನ ಹಿಂತುದಿಗೂ ಒಂದು ಕ್ಲಾಂಪು ಹಾಕುವುದು ಲೇಸು. ಮೈಗೂ ಮೇಜಿಗೂ ಮಧ್ಯೆ ಒಂದು ಮಿಲಿಮೀಟರಿನಷ್ಟು ಸಂದಿರಬೇಕು, ಹೆಚ್ಚಾದರೆ ತೆಳುಪಟ್ಟಿಗಳು ಅಡಿಗೆ ನುಸುಳಿ ಸಿಕ್ಕಿಕೊಳ್ಳುತ್ತವೆ. ಕೊಳವೆಯ ಮುಖಕ್ಕೆ ಮರದ ಹಲಗೆಯೊಂದನ್ನು ತಿರುಪಿನಿಂದ ಹೊಂದಿಸಿದರೆ, ಅಕಸ್ಮಾತ್ ಹಲ್ಲು ತಗುಲಿದರೂ ಹಾಳಾಗುವುದು ಆ ಹಲಗೆಯೇ ಹೊರತು ಪಟ್ಟಿಯಲ್ಲ.

ಹಸಿತನ ಪೂರ್ತಿ ಆರದ ಮರವನ್ನು ಸೀಳುವಾಗ ಎರಡು ಹೋಳುಗಳು ಬಿಲ್ಲಿನಂತೆ ಬಾಗಿ ಬಾಯಿ ಬಿಡುವುದುಂಟು. ಆಗ ಉದ್ದನೆಯ ಫೆನ್ಸು ಒಂದು ಹೋಳನ್ನು ಪಟ್ಟಿಯ ಕಡೆಗೆ ಒತ್ತುತ್ತದೆ. ಇಂತಹ ಮರಕ್ಕೆ, ಪಟ್ಟಿಯನ್ನು ದಾಟಿ ಸ್ವಲ್ಪ ದೂರದಲ್ಲೇ ಕೊನೆಗೊಳ್ಳುವ ಗಿಡ್ಡ ಮುಖಹಲಗೆಯನ್ನು ಜೋಡಿಸಬೇಕು. ದಪ್ಪ ಹಲಗೆಯನ್ನು ನಿಲ್ಲಿಸಿ ಎರಡು ತೆಳು ಹಲಗೆಗಳಾಗಿ ಸೀಳುವ ಕೆಲಸಕ್ಕಂತೂ ನೇರ ಫೆನ್ಸಿಗಿಂತ ಒಂದೇ ಬಿಂದುವಿನ ಆಸರೆ ಮೇಲು. ಮುಂತುದಿ ದುಂಡಾಗಿ ಕೀಸಿದ, ಹಲಗೆಯಷ್ಟೇ ಎತ್ತರದ ಮರದ ತುಂಡನ್ನು ಹಲ್ಲಿನ ತುದಿಗೆ ಸರಿಯಾಗಿ ಎದುರಲ್ಲಿ ಫೆನ್ಸಿಗೆ ಬಿಗಿಯುವುದು ಇದರ ಕ್ರಮ. ಹಲಗೆ ಆ ಒಂದು ಜಾಗಕ್ಕೆ ಮಾತ್ರ ಒರಗುವುದರಿಂದ, ಪಟ್ಟಿ ಅತ್ತಿತ್ತ ಎಳೆದಂತೆ ಬಡಗಿಯು ಹಲಗೆಯ ಹಿಂತುದಿಯನ್ನು ತಿರುಗಿಸಿ ಗೆರೆಯನ್ನು ಕಾಯಬಹುದು. ಸವೆದ ಯಂತ್ರದಲ್ಲಿ ಇದು ದುಬಾರಿ ಫೆನ್ಸಿಗಿಂತ ಹೆಚ್ಚು ಉಪಕಾರಿಯೆಂದು ಹೇಳಲು ಸಂಕೋಚವಿಲ್ಲ.

ಬಳಸುವಾಗ

ಮೇಲಿನ ಗೈಡನ್ನು ಅದರ ಕವಚದೊಡನೆ ಮರದಿಂದ ಸುಮಾರು 6 ಮಿ.ಮೀ. ಎತ್ತರದವರೆಗೆ ಪ್ರತಿಸಲವೂ ಇಳಿಸಿಕೊಳ್ಳಬೇಕು. ಇದರಿಂದ ಪಟ್ಟಿಯೂ ನೆಟ್ಟಗೆ ನಡೆಯುತ್ತದೆ, ಬೆರಳಿಗೂ ದಾರಿಯಿರುವುದಿಲ್ಲ. ಹಲಗೆಯ ಕೊನೆಯ ಒಂದು ಅಡಿ ಉಳಿದಾಗ ಕೈಯನ್ನು ಹಿಂದಕ್ಕೆ ತೆಗೆದು ತಳ್ಳುಗೋಲಿನಿಂದ ನೂಕಬೇಕು. ಫೆನ್ಸಿಗೂ ಪಟ್ಟಿಗೂ ನಡುವಿನ ಕಿರಿದಾದ ಸಂದಿನಲ್ಲಿ ಹೆಬ್ಬೆರಳಿಗೆ ತಪ್ಪಿಸಿಕೊಳ್ಳುವ ಎಡೆಯಿಲ್ಲ. ಫೆನ್ಸು ಬಂದ ಮೇಲೆ ಹೊಸದಾಗಿ ಹುಟ್ಟುವ ಅಪಾಯವಿದು. ಮೇಜನ್ನು ವಾಲಿಸಿ ಸೀಳುವಾಗ ಫೆನ್ಸು ಪಟ್ಟಿಯಿಂದ ಇಳಿಜಾರಿನ ಕಡೆಗೆ ಇರತಕ್ಕದ್ದು. ದುಂಡು ಮರವನ್ನು ಫೆನ್ಸಿಗೆ ಒತ್ತಿ ಸೀಳಲೇಬಾರದು. ಹಲ್ಲು ಕಚ್ಚಿದೊಡನೆ ಅದು ಉರುಳಿ ಕೈಯನ್ನೂ ಸೆಳೆದುಕೊಳ್ಳುತ್ತದೆ. ಅದಕ್ಕೆ ವಿ ಆಕಾರದ ತೊಟ್ಟಿಲು ಬೇಕು. ಅರ್ಧ ಸೀಳಿದ ಹಲಗೆಯನ್ನು ಯಂತ್ರ ಓಡುತ್ತಿರುವಾಗ ಹಿಂದಕ್ಕೆ ಎಳೆದರೆ ಪಟ್ಟಿಯು ಚಕ್ರದಿಂದ ಕಳಚಿಬರುತ್ತದೆ. ಕೈಗವಸು, ಜೋಲಾಡುವ ತೋಳು, ಹೆಗಲ ಮೇಲಿನ ವಸ್ತ್ರ, ಬಳೆ ಇವೆಲ್ಲವೂ ವರ್ಜ್ಯ. ಮರದ ನುಣ್ಣನೆಯ ಪುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮೂಗುಬಾಯಿಗಳಿಗೆ ಮುಸುಕು ಕಟ್ಟಿಕೊಳ್ಳಬೇಕು.

ಪಟ್ಟಿಯನ್ನು ಮಸೆಸಿದಾಗಲೂ ಬದಲಾಯಿಸಿದಾಗಲೂ ಓರೆಯ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಹಲಗೆಯೊಂದನ್ನು ಅದಕ್ಕಾಗಿಯೇ ತೆಗೆದಿಟ್ಟು, ಮೇಜಿನ ಮೇಲಿನ ಹಳೆಯ ಗೆರೆಯನ್ನು ಅಳಿಸಿ ಹೊಸ ಗೆರೆ ಎಳೆಯಲು ಹತ್ತು ನಿಮಿಷ ಸಾಕು. ಎರಡು ಮೂರು ಪಟ್ಟಿಗಳನ್ನು ಸರದಿಯಲ್ಲಿ ಬಳಸುವವರು ಪ್ರತಿ ಪಟ್ಟಿಗೂ ಒಂದು ಸಂಖ್ಯೆ ಕೊಟ್ಟು, 300 ಮಿ.ಮೀ.ಗೆ ಅದರ ಓರೆ ಎಷ್ಟು, ಯಾವ ಕಡೆಗೆ ಎಂಬುದನ್ನು ಚಕ್ರದ ಬಾಗಿಲಿನ ಒಳಮುಖದಲ್ಲಿ ಬರೆದಿಟ್ಟುಕೊಳ್ಳಬಹುದು. ಪಟ್ಟಿ ಬದಲಾಯಿಸಲು ಆ ಬಾಗಿಲನ್ನು ಹೇಗೂ ತೆರೆಯಲೇಬೇಕು.